ಕಪಾಟಿನಲ್ಲಿ ಕೂತ ಡಿಜಿಟಲ್ ಕ್ಯಾಮೆರಾ: ಕೊಂಡವರು ಹೇಳಿದ್ದು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)



ಇಂದಿನ ಮಾತು ಒಂದು ಹಳೆಯ ಸಾಮಾನಿನ ಬಗ್ಗೆ. ಚಿನ್ನದಂತೆ ಬೆಲೆ ಬಾಳುವಂಥದ್ದಲ್ಲ, ಪಾತ್ರೆ ಪಡಗದಂತೆ ದಿನಬಳಕೆಯದ್ದೂ ಅಲ್ಲ. ಆದರೂ ಎಸೆಯಲು ಮನಸ್ಸು ಬಾರದೆ ಕಪಾಟಿನ ಮೇಲಿನ ಅರೆಯಲ್ಲೋ, ಹಳೆಯ ಚಾರ್ಜರುಗಳ ಡಬ್ಬಿಯಲ್ಲೋ ನೀವು ಇಟ್ಟುಕೊಂಡಿರುವ ವಸ್ತು. ಅಂಗೈಯಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾ. ಸುಮಾರಾಗಿ 2002ರಿಂದ 2010ರವರೆಗೆ ಮದುವೆ, ಗೃಹಪ್ರವೇಶ, ಊರಿನ ರಥೋತ್ಸವ ಎಲ್ಲ ಕಡೆಗೂ ನಮ್ಮ ಜೊತೆ ಬಂದದ್ದು ಇದೇ.

ಈಗ ಅದರ ಮಾತೇಕೆ ಎಂದು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಈಚಿನ ಕೆಲವು ವರ್ಷಗಳಲ್ಲಿ ಕಾಲೇಜಿನ ಮಕ್ಕಳು ಈ ಕ್ಯಾಮೆರಾವನ್ನು ಮತ್ತೆ ಹುಡುಕುತ್ತಿದ್ದಾರೆ. ಮೊಬೈಲಿನ ಚಿತ್ರ ತೀರಾ ನುಣುಪು, ಇದರಲ್ಲಿ ಬೇರೆಯೇ ಬಣ್ಣವಿದೆ ಎನ್ನುವುದು ಅವರ ಮಾತು. ಎರಡನೆಯದು ಇದಕ್ಕಿಂತ ಮುಖ್ಯ. ಆ ಎಂಟು ಹತ್ತು ವರ್ಷಗಳ ನಮ್ಮ ಮನೆಯ ಚಿತ್ರಗಳು ಎಲ್ಲಿವೆ ಎಂದು ಕೇಳಿದರೆ ಹೆಚ್ಚಿನವರಿಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಅಜ್ಜ ಅಜ್ಜಿಯ ಕಪ್ಪು ಬಿಳುಪು ಚಿತ್ರ ಗೋಡೆಯಲ್ಲಿದೆ. 1990ರ ದಶಕದ ಮದುವೆಯ ಆಲ್ಬಮ್ ಟ್ರಂಕಿನಲ್ಲಿದೆ. ಈಚಿನದೆಲ್ಲ ಮೊಬೈಲಿನಲ್ಲಿದೆ. ಕಾಣದಾಗಿರುವುದು ನಡುವಿನ ಕಾಲ.

ಹೀಗಾಗಿ ಪರಿಚಯದ ಕೆಲವು ಮನೆಗಳವರನ್ನು ಕೇಳಿದೆ: ನಿಮ್ಮ ಆ ಕ್ಯಾಮೆರಾದ ಅನುಭವ ಹೇಗಿತ್ತು? ಮಾಟುಂಗಾ, ಮುಲುಂಡ್, ಡೊಂಬಿವಿಲಿಗಳಲ್ಲಿ ಇರುವವರು, ಪುಣೆಗೂ ಚೆನ್ನೈಗೂ ವರ್ಗವಾಗಿ ಹೋದವರು. ಒಬ್ಬೊಬ್ಬರ ಬಳಿ ಒಂದೊಂದು ಕಂಪನಿಯದಿತ್ತು. ಅನುಭವ ಮಾತ್ರ ಆಶ್ಚರ್ಯವಾಗುವಷ್ಟು ಒಂದೇ ತೆರ. ಅದನ್ನೇ ಒಂದೊಂದಾಗಿ ಹೇಳುತ್ತೇನೆ.

ಮೊದಲು ಎರಡು ಮಾತು ಇತಿಹಾಸ. 1975ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ಅದರ ತೂಕ ಮೂರೂವರೆ ಕಿಲೋಗಿಂತ ಹೆಚ್ಚು. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಅದು ನಮ್ಮ ಕಿಸೆಗೆ ಬರುವ ಹೊತ್ತಿಗೆ ಹೆಚ್ಚು ಕಡಿಮೆ ಮೂವತ್ತು ವರ್ಷ ಕಳೆದಿತ್ತು. ಉದಾಹರಣೆಗೆ 2004ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎ75 ತೆಗೆದುಕೊಳ್ಳಿ. 3.2 ಮೆಗಾಪಿಕ್ಸೆಲ್, ಮೂರು ಪಟ್ಟು ಜೂಮ್, ನಾಲ್ಕು ಪೆನ್ಸಿಲ್ ಸೆಲ್ಲು, ಹಿಂದೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಪರದೆ. ಆ ಕಾಲದ ಮಧ್ಯಮ ವರ್ಗದ ಕ್ಯಾಮೆರಾ ಎಂದರೆ ಹೀಗೆಯೇ ಇತ್ತು.

ಕೊಳ್ಳುವುದೂ ಒಂದು ಸಾಹಸವೇ. ಮುಂಬಯಿಯಲ್ಲಿ ಕೋಟೆ ಪ್ರದೇಶದ ಬೋರಾ ಬಜಾರ್ ಬೀದಿ, ಇಲ್ಲವೇ ಹಾಜಿ ಅಲಿಯ ಹೀರಾಪನ್ನಾ. ಬಿಲ್ಲು ಬೇಕೇ ಬೇಡವೇ ಎಂದು ಅಂಗಡಿಯವನು ಮೊದಲೇ ಕೇಳುತ್ತಿದ್ದ. ಬಿಲ್ಲಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಇನ್ನು ಕೆಲವರಿಗೆ ದುಬೈಯಿಂದ ಭಾವನೋ, ಅಮೆರಿಕದಿಂದ ಮಗನೋ ತಂದುಕೊಟ್ಟದ್ದು. "ರೀಲು ಮುಗಿಯುವ ತನಕ ಕಾಯಬೇಕಾಗಿಲ್ಲ, ತೊಳೆಸುವ ಖರ್ಚಿಲ್ಲ" ಎನ್ನುವ ಒಂದೇ ಆಸೆ ಎಲ್ಲರಿಗೂ. 36 ಚಿತ್ರದ ರೀಲನ್ನು ಮೂರು ಹಬ್ಬಕ್ಕೆ ಹಂಚಿ ತೆಗೆಯುತ್ತಿದ್ದವರಿಗೆ ಅದು ಸಣ್ಣ ಆಸೆಯಲ್ಲ.

ಈಗ ಅನುಭವಗಳು. ಎಲ್ಲರೂ ಮೊದಲು ಹೇಳಿದ್ದು ಸೆಲ್ಲಿನ ಕತೆ. ಹಂಪಿಗೆ ಹೋದರು, ವಿಜಯವಿಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತರು, ಸೆಲ್ಲು ಸತ್ತಿತು. ಪಕ್ಕದ ಗೂಡಂಗಡಿಯಲ್ಲಿ ಹೊಸ ಸೆಲ್ಲು ಕೊಂಡು ಹಾಕಿದರೆ ನಾಲ್ಕು ಚಿತ್ರಕ್ಕೆ ಅದೂ ಮುಗಿಯಿತು. ಅಂಗಡಿಯವನು ಮೋಸ ಮಾಡಿದ ಎಂದುಕೊಂಡವರೇ ಹೆಚ್ಚು. ನಿಜ ಸಂಗತಿ ಬೇರೆ. ಗಡಿಯಾರ, ಟಾರ್ಚು, ರೇಡಿಯೊಗಳು ಸೆಲ್ಲಿನಿಂದ ನಿಧಾನವಾಗಿ ವಿದ್ಯುತ್ತು ಹೀರುತ್ತವೆ. ಕ್ಯಾಮೆರಾ ಹಾಗಲ್ಲ. ಲೆನ್ಸ್ ಹೊರಗೆ ತಳ್ಳುವಾಗ, ಫ್ಲ್ಯಾಶ್ ತುಂಬಿಸುವಾಗ ಒಮ್ಮೆಲೇ ದೊಡ್ಡ ಗುಟುಕು ಕುಡಿಯುತ್ತದೆ. ಸಾಮಾನ್ಯ ಸೆಲ್ಲಿನಲ್ಲಿ ಶಕ್ತಿ ಉಳಿದಿದ್ದರೂ ಅಷ್ಟು ವೇಗವಾಗಿ ಕೊಡಲು ಅದಕ್ಕೆ ಆಗುವುದಿಲ್ಲ. ಕ್ಯಾಮೆರಾದಲ್ಲಿ ಸತ್ತ ಸೆಲ್ಲು ಗೋಡೆ ಗಡಿಯಾರದಲ್ಲಿ ಮತ್ತೆ ತಿಂಗಳುಗಟ್ಟಲೆ ಓಡಿದ್ದನ್ನು ಕಂಡವರಿಗೆ ಈ ಗುಟ್ಟು ತಿಳಿದಿರುತ್ತದೆ.

ಇದಕ್ಕೆ ಮದ್ದು ಮರುಚಾರ್ಜು ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು. ಅದರಲ್ಲೂ ಒಂದು ತೊಡಕಿತ್ತು. ಹಬ್ಬಕ್ಕೆಂದು ಚಾರ್ಜು ಮಾಡಿಟ್ಟು ತಿಂಗಳ ನಂತರ ತೆಗೆದರೆ ತಾನಾಗಿಯೇ ಇಳಿದಿರುತ್ತಿತ್ತು. 2005ರಲ್ಲಿ ಜಪಾನಿನ ಸಾನ್ಯೋ ಕಂಪನಿ ಎನೆಲೂಪ್ ಎಂಬ ಸೆಲ್ಲು ತಂದ ಮೇಲೆ ಆ ತೊಂದರೆ ಬಹಳ ಮಟ್ಟಿಗೆ ಹೋಯಿತು. ಇಂದಿಗೂ ಪೆನ್ಸಿಲ್ ಸೆಲ್ಲಿನ ಕ್ಯಾಮೆರಾ ಇರುವವರೇ ಅದೃಷ್ಟವಂತರು. ತನ್ನದೇ ಆಕಾರದ ಚಪ್ಪಟೆ ಬ್ಯಾಟರಿ ಇದ್ದವರಿಗೆ ಈಗ ಅದರ ಜೋಡಿ ಹುಡುಕುವುದೇ ಕೆಲಸ.

ಎರಡನೆಯ ಅನುಭವ, ತಪ್ಪಿಹೋದ ಕ್ಷಣ. ಮದುವೆಯಲ್ಲಿ ಅಂತರಪಟ ಸರಿಯುತ್ತದೆ, ವಧೂವರರು ಪರಸ್ಪರ ಜೀರಿಗೆ ಬೆಲ್ಲ ಹಾಕುತ್ತಾರೆ. ನೀವು ಗುಂಡಿ ಒತ್ತಿದ್ದು ಸರಿಯಾದ ಹೊತ್ತಿಗೇ. ಚಿತ್ರದಲ್ಲಿ ಮಾತ್ರ ಜೀರಿಗೆ ಬೆಲ್ಲ ಆಗಲೇ ತಲೆಯ ಮೇಲೆ ಬಿದ್ದಾಗಿದೆ, ಇಬ್ಬರೂ ಬೇರೆಲ್ಲೋ ನೋಡುತ್ತಿದ್ದಾರೆ. ಒತ್ತಿದ ಮೇಲೆ ಕ್ಯಾಮೆರಾ ದೂರವನ್ನು ಅಳೆದು, ಬೆಳಕನ್ನು ಲೆಕ್ಕ ಹಾಕಿ, ಆಮೇಲೆ ಚಿತ್ರ ತೆಗೆಯುತ್ತಿತ್ತು. ಅಷ್ಟರಲ್ಲಿ ಕ್ಷಣ ಹೋಗಿರುತ್ತಿತ್ತು. ಪಳಗಿದವರು ಇದಕ್ಕೊಂದು ಉಪಾಯ ಕಲಿತರು. ಗುಂಡಿಯನ್ನು ಅರ್ಧ ಒತ್ತಿ ಹಿಡಿದುಕೊಂಡೇ ಕಾಯುವುದು, ಹಸಿರು ದೀಪ ಬಂದ ಮೇಲೆ ಸಮಯ ನೋಡಿ ಪೂರ್ತಿ ಒತ್ತುವುದು. ಈಗ ಹಳೆಯ ಕ್ಯಾಮೆರಾ ಹಿಡಿದ ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ ಪಾಠ ಇದೇ.

ಮೂರನೆಯದು, ಕತ್ತಲು. ಮುಂಬಯಿಯ ಸಭಾಗೃಹದಲ್ಲಿ ಊರಿನ ಮೇಳದ ಯಕ್ಷಗಾನ. ಬಣ್ಣದ ವೇಷ ರಂಗಕ್ಕೆ ಬಂತು, ಹತ್ತನೆಯ ಸಾಲಿನಿಂದ ಫ್ಲ್ಯಾಶ್ ಹಾಕಿ ತೆಗೆದರೆ ಸಿಕ್ಕಿದ್ದು ಮುಂದಿನ ಸಾಲಿನವರ ತಲೆ, ಬೆಳ್ಳಗೆ, ಸ್ಪಷ್ಟವಾಗಿ. ರಂಗಸ್ಥಳ ಮಾತ್ರ ಕಪ್ಪು. ಆ ಪುಟ್ಟ ಫ್ಲ್ಯಾಶಿನ ಬೆಳಕು ಮುಟ್ಟುವುದು ಮೂರು ನಾಲ್ಕು ಮೀಟರ್ ದೂರವನ್ನಷ್ಟೇ. ಫ್ಲ್ಯಾಶ್ ಬೇಡವೆಂದು ಆರಿಸಿದರೆ ಚಿತ್ರ ಅಲುಗಾಡಿ, ಮರಳು ಚೆಲ್ಲಿದಂತೆ ಚುಕ್ಕೆ ಚುಕ್ಕೆ. ಕಾರಣ ಕ್ಯಾಮೆರಾದ ಕಣ್ಣು ಬಹಳ ಸಣ್ಣದು. ರೀಲಿನ ಒಂದು ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಎ75ರಂಥ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸಂವೇದಕದ ಅಗಲ ಸುಮಾರು 5 ಮಿಲಿಮೀಟರ್, ಎತ್ತರ ಸುಮಾರು 4. ವಿಸ್ತೀರ್ಣದಲ್ಲಿ ರೀಲಿನ ನಲವತ್ತರಲ್ಲಿ ಒಂದು ಪಾಲು. ಮಳೆಯಲ್ಲಿ ಕೊಡ ಇಟ್ಟಂತಲ್ಲ, ಚಮಚ ಹಿಡಿದಂತೆ.

ಈ ಫ್ಲ್ಯಾಶಿನಿಂದಲೇ ಇನ್ನೊಂದು ಸೋಜಿಗ. ಒಂದಿಬ್ಬರು ಹೇಳಿದರು, ಊರಿನ ದೇವಸ್ಥಾನದ ಅಂಗಳದಲ್ಲಿ ರಾತ್ರಿ ತೆಗೆದ ಚಿತ್ರದಲ್ಲಿ ಬೆಳ್ಳಗಿನ ದುಂಡನೆಯ ಬಿಂಬಗಳು ತೇಲುತ್ತಿದ್ದವಂತೆ. ಮನೆಯಲ್ಲಿ ಅದಕ್ಕೆ ಬೇರೆ ಬೇರೆ ಅರ್ಥ ಹಚ್ಚಲಾಯಿತು. ಆದರೆ ಅದು ಗಾಳಿಯಲ್ಲಿನ ಧೂಳು ಅಥವಾ ಮಳೆಹನಿ. ಚಿಕ್ಕ ಕ್ಯಾಮೆರಾದಲ್ಲಿ ಫ್ಲ್ಯಾಶು ಲೆನ್ಸಿಗೆ ಒತ್ತಿಕೊಂಡೇ ಇರುತ್ತದೆ. ಲೆನ್ಸಿನ ಮುಂದೆಯೇ ತೇಲುವ ಒಂದು ಕಣಕ್ಕೆ ಬೆಳಕು ಬಡಿದು ನೇರ ಹಿಂದಕ್ಕೆ ಬಂದರೆ ಅದು ಮಸುಕು ಬಳೆಯಂತೆ ಮೂಡುತ್ತದೆ. ಮಕ್ಕಳ ಕಣ್ಣು ಕೆಂಪಾಗಿ ಕಾಣುತ್ತಿದ್ದುದಕ್ಕೂ ಈ ಹತ್ತಿರದ ಫ್ಲ್ಯಾಶೇ ಕಾರಣ. ಬೆಳಕು ಕಣ್ಣಿನ ಹಿಂಭಾಗದ ರಕ್ತನಾಳಗಳನ್ನು ಮುಟ್ಟಿ ಮರಳಿ ಬರುತ್ತದೆ.

ನಾಲ್ಕನೆಯದು, ತಲೆ ಕತ್ತರಿಸಿದ ಪ್ರಿಂಟು. ಇದು ಬಹಳ ಮಂದಿಗೆ ಆದ ಬೇಸರ. ಪರದೆಯಲ್ಲಿ ಮಾವನವರ ಪೇಟ ಪೂರ್ತಿ ಕಾಣುತ್ತಿತ್ತು, ಸ್ಟುಡಿಯೋದಿಂದ ಬಂದ ಪ್ರಿಂಟಿನಲ್ಲಿ ಪೇಟದ ಮೇಲಿನ ಭಾಗವೇ ಇಲ್ಲ. ಇದು ಬರಿಯ ಲೆಕ್ಕದ ವಿಷಯ. ಈ ಕ್ಯಾಮೆರಾಗಳ ಚಿತ್ರದ ಅಗಲ ಎತ್ತರಗಳ ಪ್ರಮಾಣ 4ಕ್ಕೆ 3. ಅಂಗಡಿಯ ಕಾಗದ 6 ಇಂಚು ಅಗಲ, 4 ಇಂಚು ಎತ್ತರ. ಅಗಲಕ್ಕೆ ಸರಿಯಾಗಿ 6 ಇಂಚು ತುಂಬಿಸಿದರೆ ಚಿತ್ರದ ಎತ್ತರ ನಾಲ್ಕೂವರೆ ಇಂಚಾಗುತ್ತದೆ. ಮಿಕ್ಕ ಆ ಅರ್ಧ ಇಂಚು ಕತ್ತರಿಯ ಪಾಲು. ಕತ್ತರಿಸಬೇಡಿ, ಪಕ್ಕದಲ್ಲಿ ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರ ಕೊಡಿ ಎಂದು ಹೇಳಿದರೆ ಸಾಕು. ಇಂದು ಪ್ರಿಂಟು ಹಾಕಿಸುವವರೂ ಈ ಮಾತು ನೆನಪಿಡಿ.

ಇಲ್ಲೇ ಇನ್ನೊಂದು ಮಾತು. ಹಳೆಯ ಚಿತ್ರ ಬರೀ 3 ಮೆಗಾಪಿಕ್ಸೆಲ್, ಅದರಿಂದ ಏನು ಬರುತ್ತದೆ ಎಂದು ಕೈಬಿಡಬೇಡಿ. 3.2 ಮೆಗಾಪಿಕ್ಸೆಲ್ ಎಂದರೆ 2048 ಚುಕ್ಕೆ ಅಗಲ, 1536 ಚುಕ್ಕೆ ಎತ್ತರ. ಇಂಚಿಗೆ 300 ಚುಕ್ಕೆಯಂತೆ ಒಳ್ಳೆಯ ಗುಣಮಟ್ಟದಲ್ಲಿ ಹಾಕಿದರೂ ಸುಮಾರು 7 ಇಂಚು ಅಗಲ, 5 ಇಂಚು ಎತ್ತರದ ಪ್ರಿಂಟು ಬರುತ್ತದೆ. ಆಲ್ಬಮ್ಮಿಗೆ ಅಷ್ಟು ಧಾರಾಳ ಸಾಕು.

ಐದನೆಯದು ನಮ್ಮ ಕರಾವಳಿ ನಗರಗಳವರ ವಿಶೇಷ ಪಾಡು, ತೇವ. ಜುಹುವಿನ ಮರಳು ಲೆನ್ಸಿನ ಕೊಳವೆಗೆ ಸಿಕ್ಕಿ, ಕರ್ ಎಂದು ಸದ್ದು ಮಾಡಿ, ಅರ್ಧಕ್ಕೇ ನಿಂತ ಕ್ಯಾಮೆರಾಗಳು ಎಷ್ಟೋ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟು ದಸರಾಕ್ಕೆ ತೆಗೆದಾಗ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸ್ಟು ಹಿಡಿದಿರುತ್ತಿತ್ತು. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಹೊರತೆಗೆದು ಬೆಳಕಿಗೆ ಹಿಡಿಯುತ್ತಿದ್ದವರ ಕ್ಯಾಮೆರಾ ಮಾತ್ರ ಉಳಿಯಿತು.

ಇನ್ನು ಕೆಲವರ ಪರದೆ ಒಂದು ದಿನ ಇದ್ದಕ್ಕಿದ್ದಂತೆ ಕಪ್ಪಾಯಿತು, ಇಲ್ಲವೇ ನೇರಳೆ ಬಣ್ಣದ ಗೆರೆಗಳು ಬಂದವು. ಕೈಯಿಂದ ಬಿತ್ತೇ, ಮಕ್ಕಳು ಏನಾದರೂ ಮಾಡಿದರೇ ಎಂದು ಮನೆಯಲ್ಲಿ ಜಗಳವೂ ಆಯಿತು. ನಿಜವೆಂದರೆ ಅದು ತಯಾರಿಕೆಯ ದೋಷವಾಗಿರಬಹುದಿತ್ತು. 2005ರ ಅಕ್ಟೋಬರಿನಲ್ಲಿ ಹಲವು ಜಪಾನಿ ಕಂಪನಿಗಳು ಒಟ್ಟೊಟ್ಟಿಗೆ ಪ್ರಕಟಣೆ ಹೊರಡಿಸಿದವು. ಸೋನಿ ತಯಾರಿಸಿ ಬೇರೆ ಕಂಪನಿಗಳಿಗೂ ಮಾರಿದ್ದ ಕೆಲವು ಸಂವೇದಕಗಳಲ್ಲಿ ಒಳಗಿನ ತಂತಿಯ ಬೆಸುಗೆ ಬಿಟ್ಟುಹೋಗುತ್ತಿತ್ತು, ಅದರಲ್ಲೂ ಬಿಸಿಲು ಮತ್ತು ತೇವ ಹೆಚ್ಚಿರುವ ಕಡೆ. ಕ್ಯಾನನ್ನಿನ ಎ60, ಎ70, ಎ75 ಈ ಪಟ್ಟಿಯಲ್ಲಿದ್ದವು. ಕಂಪನಿಗಳು ಉಚಿತವಾಗಿ ಸರಿಪಡಿಸಿ ಕೊಡುವುದಾಗಿ ಹೇಳಿದವು. ನಾನು ಕೇಳಿದವರಲ್ಲಿ ಈ ಸುದ್ದಿ ಸಕಾಲಕ್ಕೆ ತಿಳಿದವರು ಬಹಳ ಕಡಿಮೆ. ಮೂಲೆಗೆ ಬಿದ್ದ ಕ್ಯಾಮೆರಾಕ್ಕೆ ಇನ್ನು ಆ ಬಿಡಿಭಾಗ ಸಿಗುತ್ತದೆ ಎಂದು ಭರವಸೆ ಇಟ್ಟುಕೊಳ್ಳುವಂತಿಲ್ಲ. ಆದರೆ ಮಕ್ಕಳ ಮೇಲೆ ಹೊರಿಸಿದ ಆರೋಪವನ್ನಾದರೂ ಈಗ ಹಿಂದಕ್ಕೆ ಪಡೆಯಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ದೂರು ಹೇಳಿದವರನ್ನು ಕೊನೆಗೆ ಒಂದು ಪ್ರಶ್ನೆ ಕೇಳಿದೆ: ಆ ಚಿತ್ರಗಳು ಎಲ್ಲಿವೆ? ಅಲ್ಲಿಯವರೆಗೆ ನಗುನಗುತ್ತ ಮಾತಾಡುತ್ತಿದ್ದವರು ಸುಮ್ಮನಾದರು. "ಒಂದಷ್ಟು ಹಳೆಯ ಕಂಪ್ಯೂಟರಿನಲ್ಲಿತ್ತು, ಅದನ್ನು ಗುಜರಿಗೆ ಕೊಟ್ಟೆವು." "ಸಿ.ಡಿ.ಯಲ್ಲಿ ಬರೆಸಿಟ್ಟಿದ್ದೇವೆ, ಹಾಕಿ ನೋಡಲು ಈಗ ಡ್ರೈವೇ ಇಲ್ಲ." "ಕಾರ್ಡು ಇದೆ, ಅದು ಯಾವುದಕ್ಕೂ ಕೂರುವುದಿಲ್ಲ." ಒಬ್ಬ ಹಿರಿಯರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ರೀಲಿನ ಕಾಲದಲ್ಲಿ ವರ್ಷಕ್ಕೆ ಐವತ್ತು ಚಿತ್ರ ತೆಗೆದೆವು, ಐವತ್ತೂ ಇವೆ. ಡಿಜಿಟಲ್ ಬಂದ ಮೇಲೆ ಸಾವಿರ ತೆಗೆದೆವು, ನಮ್ಮ ತಾಯಿಯ ಕೊನೆಯ ವರ್ಷದ ಒಂದು ಚಿತ್ರ ಬೇಕೆಂದರೆ ಕೈಗೆ ಸಿಗುವುದಿಲ್ಲ."

ಇದು ಕ್ಯಾಮೆರಾದ ದೋಷವಲ್ಲ. ರೀಲಿಗೆ ದುಡ್ಡು ಬೀಳುತ್ತಿದ್ದುದರಿಂದ ತೆಗೆಯುವ ಮೊದಲೇ ಆರಿಸುತ್ತಿದ್ದೆವು, ತೆಗೆದದ್ದೆಲ್ಲ ಕಾಗದಕ್ಕೆ ಇಳಿಯುತ್ತಿತ್ತು. ಡಿಜಿಟಲ್ಲಿನಲ್ಲಿ ಚಿತ್ರಕ್ಕೆ ಖರ್ಚಿಲ್ಲ, ಹಾಗಾಗಿ ಆರಿಸುವ ಕೆಲಸ ನಾಳೆಗೆ ಬಿತ್ತು. ಆ ನಾಳೆ ಬರಲೇ ಇಲ್ಲ. ಆ ಕೆಲಸ ಈಗಲೂ ಬಾಕಿ ಇದೆ, ಮಾಡಲು ಸಮಯ ಇನ್ನೂ ಇದೆ. ಆದರೆ ಬಹಳ ಇಲ್ಲ. ಬರೆದ ಸಿ.ಡಿ.ಯ ಲೇಪ ಶಾಖಕ್ಕೆ, ತೇವಕ್ಕೆ ಮಾಸುತ್ತದೆ. ಕಾರ್ಡಿನಲ್ಲಿ ಚಿತ್ರ ನಿಂತಿರುವುದು ಸೂಕ್ಷ್ಮವಾದ ವಿದ್ಯುದಂಶದ ರೂಪದಲ್ಲಿ, ವರ್ಷಗಳು ಉರುಳಿದಂತೆ ಅದೂ ಸೋರುತ್ತದೆ.

ಏನು ಮಾಡಬೇಕು? ಮುಂದಿನ ಭಾನುವಾರ ಡಬ್ಬಿ ಇಳಿಸಿ. ಮೊದಲು ಕ್ಯಾಮೆರಾದ ಸೆಲ್ಲಿನ ಬಾಗಿಲು ತೆರೆದು ನೋಡಿ. ಹಳೆಯ ಸೆಲ್ಲು ಸೋರಿ ಬಿಳಿಯ ಪುಡಿ ಕಟ್ಟಿದ್ದರೆ ಕೈಗೆ ತಾಗಿಸಿಕೊಳ್ಳದೆ ತೆಗೆದುಹಾಕಿ, ಹತ್ತಿಯ ತುದಿಗೆ ಸ್ವಲ್ಪ ವಿನೆಗರ್ ಅದ್ದಿ ಲೋಹದ ಪಟ್ಟಿ ಒರೆಸಿ, ಒಣಗಲು ಬಿಡಿ. ಆಮೇಲೆ ಕಾರ್ಡು. ಕಾಂಪ್ಯಾಕ್ಟ್‌ಫ್ಲ್ಯಾಶ್, ಎಸ್‌ಡಿ ಕಾರ್ಡುಗಳನ್ನು ಓದುವ ರೀಡರು ಈಗಲೂ ಸಿಗುತ್ತದೆ. ಫ್ಯೂಜಿಫಿಲ್ಮ್, ಒಲಿಂಪಸ್ ಕ್ಯಾಮೆರಾಗಳಲ್ಲಿದ್ದ ಎಕ್ಸ್‌ಡಿ ಕಾರ್ಡು, ಸೋನಿಯ ಹಳೆಯ ಮೆಮೊರಿ ಸ್ಟಿಕ್ ಇದ್ದರೆ ಹಲವು ಬಗೆಯ ಕಾರ್ಡು ಹಿಡಿಯುವ ರೀಡರನ್ನು ಕೇಳಿ ಪಡೆಯಿರಿ. ಅದೂ ಸಿಗದಿದ್ದರೆ ಕಾರ್ಡನ್ನು ಕ್ಯಾಮೆರಾದಲ್ಲೇ ಬಿಟ್ಟು, ಅದರ ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ. ಸಿ.ಡಿ.ಗೆ ಹೊರಗಿನಿಂದ ಜೋಡಿಸುವ ಡ್ರೈವ್ ಸಿಗುತ್ತದೆ, ನೆರೆಮನೆಯವರೆಲ್ಲ ಸೇರಿ ಒಂದು ಕೊಂಡರೂ ಆಯಿತು.

ಎರಡು ಎಚ್ಚರಿಕೆಗಳಿವೆ. ಕ್ಯಾಮೆರಾ ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಚಿತ್ರ ಅಳಿಸಿಹೋಗಿದೆ ಎನಿಸಿದರೂ ಆ ಕಾರ್ಡಿನಲ್ಲಿ ಹೊಸದೇನೂ ತೆಗೆಯಬೇಡಿ. ಅಳಿಸಿದ ಚಿತ್ರ ಎಷ್ಟೋ ಸಲ ಅಲ್ಲೇ ಇರುತ್ತದೆ, ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಎತ್ತಬಹುದು. ಎರಡನೆಯದಾಗಿ, ಒಂದೊಂದು ಕಾರ್ಡಿಗೆ, ಒಂದೊಂದು ಸಿ.ಡಿ.ಗೆ ಬೇರೆ ಬೇರೆ ಫೋಲ್ಡರ್ ಮಾಡಿ. ಈ ಕ್ಯಾಮೆರಾಗಳು ಚಿತ್ರಕ್ಕೆ ಸಂಖ್ಯೆಯನ್ನೇ ಹೆಸರಾಗಿ ಕೊಡುತ್ತವೆ, ಒಂದೇ ಸಂಖ್ಯೆ ಮತ್ತೆ ಬರುತ್ತದೆ. ಎಲ್ಲ ಒಂದೇ ಕಡೆ ಸುರಿದರೆ ಗಣೇಶ ಚತುರ್ಥಿಯ ಮೇಲೆ ದೀಪಾವಳಿ ಬಂದು ಕೂತು ಹಳೆಯದು ಅಳಿಸಿಹೋಗುತ್ತದೆ. ಚಿತ್ರದ ಮೇಲಿನ ತಾರೀಖನ್ನೂ ಪೂರ್ತಿ ನಂಬಬೇಡಿ. ಒಳಗಿನ ಸಣ್ಣ ಸೆಲ್ಲು ಮುಗಿದಿದ್ದರೆ ಕ್ಯಾಮೆರಾದ ಗಡಿಯಾರ ಮೊದಲಿಗೆ ಹೋಗಿರುತ್ತದೆ.

ಇಳಿಸಿಕೊಂಡ ಮೇಲೆ ಎರಡು ಪ್ರತಿ ಮಾಡಿ. ಒಂದು ನಿಮ್ಮಲ್ಲಿರಲಿ, ಇನ್ನೊಂದು ಹುಬ್ಬಳ್ಳಿಯ ತಂಗಿಯ ಮನೆಯಲ್ಲೋ ಬೆಂಗಳೂರಿನ ಅಣ್ಣನ ಮನೆಯಲ್ಲೋ ಇರಲಿ. ಆಮೇಲೆ ಆ ಬಾಕಿ ಕೆಲಸ, ಆರಿಸುವುದು. ವರ್ಷಕ್ಕೆ ಇಪ್ಪತ್ತು ಚಿತ್ರ ಸಾಕು. ಚೆನ್ನಾಗಿ ಬಂದದ್ದನ್ನಲ್ಲ, ಬೇಕಾದವರು ಇರುವುದನ್ನು ಆರಿಸಿ. ಅಡುಗೆಮನೆಯ ಮೂಲೆಯಲ್ಲಿ ಅರ್ಧ ಮುಖ ಕಾಣುವ ಅತ್ತೆಯ ಚಿತ್ರ ಸ್ವಲ್ಪ ಅಲುಗಾಡಿದ್ದರೂ ಅದೇ ಬೇಕು. ಪ್ರಿಂಟು ಹಾಕಿಸಿ, ಹಿಂದೆ ಹೆಸರು, ಊರು, ವರ್ಷ ಬರೆಯಿರಿ. ಹಿರಿಯರು ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಇವರು ಯಾರು ಎಂದು ಹೇಳುವವರು ಇರುವಾಗಲೇ ಆಗಬೇಕಾದ ಕೆಲಸ ಇದು.

ರೇಡಿಯೊ ಕೇಳುವವರಿಗೆ ವಿಶೇಷವಾಗಿ ಒಂದು ಮಾತು. ಈ ಕ್ಯಾಮೆರಾಗಳಲ್ಲಿ ಹೆಚ್ಚಿನವು ಸಣ್ಣ ವಿಡಿಯೋ ಕೂಡ ತೆಗೆಯುತ್ತಿದ್ದವು, ಕೆಲವೇ ಸೆಕೆಂಡಿನದ್ದು, ಧ್ವನಿಯ ಜೊತೆ. ಚಿತ್ರ ಮಂಕಾಗಿರುತ್ತದೆ, ಧ್ವನಿ ಮಾತ್ರ ಕೇಳುವಂತಿರುತ್ತದೆ. ಮಗುವಿನ ಮೊದಲ ಮಾತು, ಅಜ್ಜಿ ಹಾಡಿದ ಆರತಿಯ ಎರಡು ಸಾಲು, ಅಪ್ಪ "ಬಂದ್ ಮಾಡೋ ಅದನ್ನ" ಎಂದು ಗದರಿದ್ದು, ಅವರದೇ ಊರಿನ ಕನ್ನಡದಲ್ಲಿ. ಕಾರ್ಡಿನಲ್ಲಿ ಎವಿಐ ಎಂದು ಕೊನೆಯಾಗುವ ಹೆಸರಿದ್ದರೆ ಅದನ್ನು ಬಿಡಬೇಡಿ. ಮುಖದ ಚಿತ್ರ ಬೇರೆ ಯಾರ ಬಳಿಯಾದರೂ ಸಿಕ್ಕೀತು, ಧ್ವನಿ ಸಿಗುವುದು ಕಷ್ಟ.

ಹಳೆಯ ಕ್ಯಾಮೆರಾ ಕೊಳ್ಳಬೇಕೆಂದು ಹೊರಟ ಮಕ್ಕಳಿಗೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅಂಗಡಿಯಲ್ಲೇ ಬಿಳಿ ಗೋಡೆಯ ಚಿತ್ರ ತೆಗೆದು ಗೆರೆ, ಕಲೆ ಇದೆಯೇ ನೋಡಿ. ಲೆನ್ಸನ್ನು ನಾಲ್ಕು ಸಲ ಹೊರಗೆ ಒಳಗೆ ಆಡಿಸಿ. ಬ್ಯಾಟರಿ ಮತ್ತು ಕಾರ್ಡು ಈಗ ಸಿಗುವ ಬಗೆಯದ್ದೇ ಎಂದು ಮೊದಲೇ ತಿಳಿದುಕೊಳ್ಳಿ. 2000ರ ದಶಕದ ಮೊದಲ ಭಾಗದ ಎಸ್‌ಡಿ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ. ಇವೆಲ್ಲಕ್ಕಿಂತ ಮೊದಲು ಮನೆಯ ಕಪಾಟು ನೋಡಿ, ಅಲ್ಲೇ ಒಂದು ಇರಬಹುದು.

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಅಲ್ಲಿಯ ಕಂಪನಿಗಳು ಜಗತ್ತಿಗೆ ಕಳುಹಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ರಲ್ಲಿ ಆ ಸಂಖ್ಯೆ 90 ಲಕ್ಷಕ್ಕೂ ಕೆಳಗೆ ಇಳಿಯಿತು. ಮೊಬೈಲು ಬಂದು ಇದರ ಜಾಗ ಹಿಡಿಯಿತು, ಅದಕ್ಕೆ ದುಃಖಿಸಬೇಕಾಗಿಲ್ಲ. ಆದರೆ ಮೊಬೈಲಿನಲ್ಲೂ ನಾವು ಮಾಡುತ್ತಿರುವುದು ಅದನ್ನೇ. ಸಾವಿರ ತೆಗೆಯುತ್ತೇವೆ, ಒಂದನ್ನೂ ಆರಿಸುವುದಿಲ್ಲ. ಹಳೆಯ ಡಬ್ಬಿಯಿಂದ ಶುರು ಮಾಡಿದರೆ ಆ ಅಭ್ಯಾಸ ಹೊಸ ಫೋನಿಗೂ ಬರುತ್ತದೆ.

ನಿಮ್ಮ ಕಾರ್ಡಿನಿಂದ ಏನು ಸಿಕ್ಕಿತು ಎಂದು ನಮ್ಮ ಕನ್ನಡ ವಿಭಾಗಕ್ಕೆ ಬರೆದು ತಿಳಿಸಿ.